ಎರಡು ದಿನದಲ್ಲಿ ಒಂದು ವಸ್ತು: ಬಳ್ಳಾರಿಯ ಸ್ಟಾರ್ಟಪ್ ಸ್ಪರ್ಧೆಯಲ್ಲಿ ಮೇಕರ್ ಆಗಿ ನನ್ನ ಅನುಭವ

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಲೇತ್, ವೆಲ್ಡಿಂಗ್ ಸೆಟ್, ತ್ರೀಡಿ ಪ್ರಿಂಟರ್, ಲೇಸರ್ ಕಟಿಂಗ್ ಮಷೀನ್ ಎಲ್ಲ ಒಂದೇ ಸೂರಿನಡಿ. ರೈಸ್ ಮಿಲ್ಲಿಗೆ ಬಿಡಿಭಾಗ ಮಾಡಿಕೊಡುತ್ತೇನೆ. ಜೀನ್ಸ್ ಯೂನಿಟ್‌ಗಳ ಮಷೀನ್ ರಿಪೇರಿ ಮಾಡುತ್ತೇನೆ. ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟಿಗೂ ಕೈ ಜೋಡಿಸುತ್ತೇನೆ. ಫೆಬ್ರವರಿಯಲ್ಲಿ ನಮ್ಮೂರಿನ ಒಂದು ಕಾಲೇಜಿನಲ್ಲಿ ವಾರಾಂತ್ಯದ ಸ್ಟಾರ್ಟಪ್ ಸ್ಪರ್ಧೆ ನಡೆಯಿತು. ಅದಕ್ಕೆ ಒಂದೇ ಷರತ್ತು. ಬರೀ ಆ್ಯಪ್ ತಂದರೆ ನಡೆಯಲ್ಲ, ಕೈಯಲ್ಲಿ ಹಿಡಿಯುವ ವಸ್ತು ಇರಲೇಬೇಕು. ಆ ವಸ್ತು ಮಾಡೋಕೆ ನೆರವಾಗಲಿ ಅಂತ ನನ್ನಂಥ ಕೆಲವರನ್ನು ಮೇಕರ್‌ಗಳಾಗಿ ಕರೆದಿದ್ದರು. ಅಲ್ಲಿ ಏನು ಮಾಡಿದೆ, ಯಾವುದು ಕೈ ಹಿಡಿಯಿತು ಅನ್ನೋದನ್ನು ಬರೆದಿಡುತ್ತಿದ್ದೇನೆ. ರಾಯಚೂರು, ಕೊಪ್ಪಳದಲ್ಲೂ ಇಂಥದ್ದು ಮಾಡಬೇಕು ಅಂತ ಕೆಲವರು ಕೇಳುತ್ತಿದ್ದಾರೆ. ಅವರಿಗೆ ಉಪಯೋಗಕ್ಕೆ ಬರಬಹುದು.

ಈ ಮಾದರಿಯ ಸ್ಪರ್ಧೆ ಹೊಸದೇನಲ್ಲ. 2007ರಲ್ಲಿ ಅಮೆರಿಕದ ಬೌಲ್ಡರ್ ಊರಿನಲ್ಲಿ ‘ಸ್ಟಾರ್ಟಪ್ ವೀಕೆಂಡ್’ ಅಂತ ಶುರುವಾಯಿತು. ಆಮೇಲೆ ಲೋಕದ ತುಂಬಾ ಹರಡಿತು. ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆವರೆಗೆ, ಲೆಕ್ಕಕ್ಕೆ 54 ಗಂಟೆ. ಮೊದಲ ಸಂಜೆ ಯಾರು ಬೇಕಾದರೂ ಎದ್ದು ನಿಂತು ಒಂದು ನಿಮಿಷದಲ್ಲಿ ತಮ್ಮ ಐಡಿಯಾ ಹೇಳಬಹುದು. ಜನ ವೋಟು ಹಾಕುತ್ತಾರೆ. ಗೆದ್ದ ಐಡಿಯಾಗಳ ಸುತ್ತ ತಂಡ ಕಟ್ಟುತ್ತದೆ. ಕೊನೆಗೆ ತೀರ್ಪುಗಾರರ ಮುಂದೆ ಪಿಚ್, ಅಂದರೆ ತಮ್ಮ ಐಡಿಯಾ ಒಪ್ಪಿಸುವ ಚುಟುಕು ಭಾಷಣ. ನಮ್ಮಲ್ಲೂ ಅದೇ ಕ್ರಮ.

ಆದರೆ ಆ ಗಂಟೆಗಳ ಲೆಕ್ಕ ಕಂಪ್ಯೂಟರ್ ಕೆಲಸಕ್ಕೆ ಹೊಂದಿದಷ್ಟು ವಸ್ತು ಮಾಡುವ ಕೆಲಸಕ್ಕೆ ಹೊಂದುವುದಿಲ್ಲ. ಕೋಡ್ ತಪ್ಪಾದರೆ ಅಳಿಸಿ ಬರೆಯಬಹುದು. ಕೊರೆದ ತೂತು ತಪ್ಪಾದರೆ ತಗಡೇ ಹೋಯಿತು. ಫೆವಿಕಾಲ್ ಗಟ್ಟಿಯಾಗೋಕೆ ಗಂಟೆಗಟ್ಟಲೆ ಬೇಕು. ಅಂಗೈಯಷ್ಟು ದೊಡ್ಡ ಗಟ್ಟಿ ಭಾಗ ತ್ರೀಡಿ ಪ್ರಿಂಟ್ ಆಗೋಕೆ ಅರ್ಧ ದಿನ ಹಿಡಿದರೂ ಹಿಡಿಯಿತು. ಬೆಂಗಳೂರಿನಲ್ಲಾದರೆ ಎಸ್‌ಪಿ ರೋಡಿಗೆ ಹೋಗಿ ಬೇಕಾದ ಸೆನ್ಸರ್ ತರಬಹುದು. ನಮ್ಮಲ್ಲಿ ಅದು ಆನ್‌ಲೈನಲ್ಲಿ ಆರ್ಡರ್ ಮಾಡಿ ದಿನಗಟ್ಟಲೆ ಕಾಯುವ ಸಾಮಾನು. ಹಾಗಾಗಿ ಮೇಕರ್ ಆದವನ ಕೆಲಸ ಶುಕ್ರವಾರಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ.

ನಾನು ಪೆಟ್ಟಿಗೆ ತುಂಬಿಸಿಕೊಂಡು ಹೋದೆ. ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ರಿಲೇ, ಸಣ್ಣ ಸರ್ವೋ ಮೋಟರು, ತೂಕದ ಲೋಡ್ ಸೆಲ್, ಮನೆ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಎಸ್‌ಎಂಪಿಎಸ್ ಇವೆಲ್ಲ ಇದ್ದವು. ಆದರೆ ಜಾಸ್ತಿ ಖರ್ಚಾಗಿದ್ದು ಇವಲ್ಲ. ಸನ್ ಬೋರ್ಡ್ ಅನ್ನೋ ಹಗುರ ಫೋಮ್ ಹಲಗೆ, ಕೇಬಲ್ ಟೈ, ಹಾಟ್ ಗ್ಲೂ, ಪ್ಲೈವುಡ್ ತುಂಡು, ಪಿವಿಸಿ ಪೈಪು, ಅಲ್ಯೂಮಿನಿಯಂ ಆ್ಯಂಗಲ್, ಇವು ನೋಡನೋಡುತ್ತಲೇ ಖಾಲಿಯಾದವು. ಇನ್ನೊಂದು ನೆಲೆ ಗುಜರಿ ಅಂಗಡಿ. ಅದಿರು ಲಾರಿ ಓಡಾಡುವ ಜಿಲ್ಲೆ ನಮ್ಮದು. ಹಳೇ ಲಾರಿಯ ವೈಪರ್ ಮೋಟರು ಗುಜರಿಯಲ್ಲಿ ಸಿಗುತ್ತದೆ. ಒಳಗೇ ವರ್ಮ್ ಗೇರ್ ಇರುತ್ತದೆ, ನಿಧಾನಕ್ಕೆ ತಿರುಗುತ್ತದೆ, ಒಳ್ಳೇ ಬಲ. ಏನನ್ನಾದರೂ ಎತ್ತಬೇಕು, ತಿರುಗಿಸಬೇಕು, ಕಲಸಬೇಕು ಅಂದರೆ ನಾನು ಮೊದಲು ಕೈ ಹಾಕೋದು ಅದಕ್ಕೇ. ಆದರೆ ಲಾರಿಯದು 24 ವೋಲ್ಟ್, ಕಾರಿನದು 12 ವೋಲ್ಟ್. ಕೊಳ್ಳುವಾಗಲೇ ನೋಡಿಕೊಳ್ಳಬೇಕು.

ಸಾಮಾನಿಗಿಂತ ಮುಖ್ಯವಾಗಿ ನಾನು ಹಟ ಹಿಡಿದದ್ದು ಜನರ ವಿಷಯದಲ್ಲಿ. ಕಾಲೇಜಿನವರು ಮೆಂಟರ್ ಪಟ್ಟಿಯಲ್ಲಿ ಪ್ರೊಫೆಸರುಗಳು, ಬ್ಯಾಂಕಿನವರು, ಕಂಪನಿಯವರನ್ನು ಹಾಕಿದ್ದರು. ಅವರೂ ಬೇಕು. ಅದರ ಜೊತೆಗೆ ಲೇತ್ ಕೆಲಸದ ಉಸ್ತಾದ್ ಒಬ್ಬರು, ತಗಡು ಬಗ್ಗಿಸುವ ಮೇಸ್ತ್ರಿ, ಕೊಪ್ಪಳದ ಕಿನ್ನಾಳದಿಂದ ಗೊಂಬೆ ಮಾಡುವ ಕಲಾವಿದರೊಬ್ಬರು, ಜೀನ್ಸ್ ಯೂನಿಟ್ಟಿನ ಟೈಲರ್ ಒಬ್ಬರು ಬರಲೇಬೇಕು ಅಂದೆ. ಅವರಿಗೂ ದಿನದ ಸಂಭಾವನೆ ಕೊಡಬೇಕು, ಅವರ ಹೆಸರೂ ಬೋರ್ಡಿನ ಮೇಲೆ ಮೆಂಟರ್ ಅಂತಲೇ ಬರಬೇಕು ಅಂತ ಕೂಡ ಹೇಳಿದೆ. ಒಪ್ಪಿದರು. ಇಡೀ ಸ್ಪರ್ಧೆಗೆ ಸಿಕ್ಕ ದೊಡ್ಡ ಬಲ ಇದೇ ಅಂತ ಇವತ್ತಿಗೂ ನನ್ನ ನಂಬಿಕೆ. ಉಸ್ತಾದ್ ಡ್ರಾಯಿಂಗ್ ನೋಡಿ ಒಂದೇ ಮಾತು ಹೇಳುತ್ತಿದ್ದರು: “ಇದ್ನ ಮಾಡಬೋದು ತಮ್ಮಾ. ಆದ್ರೆ ಬಿಚ್ಚಿ ಕ್ಲೀನ್ ಮಾಡೋದು ಹೆಂಗೆ?” ಆ ಪ್ರಶ್ನೆ ಎದುರಾದ ತಂಡಗಳೆಲ್ಲ ಡ್ರಾಯಿಂಗ್ ಬದಲಿಸಿದವು.

ಶುಕ್ರವಾರ ಸಂಜೆ ಐಡಿಯಾಗಳು ಸಾಲುಗಟ್ಟಿ ಬಂದವು. ಅಲ್ಲಿ ಮೇಕರ್ ಬಾಯಿ ಬಿಡಬೇಕಾದ ಜಾಗ ಒಂದಿದೆ. ಒಬ್ಬ ಹುಡುಗ ಮೊಬೈಲಿನಿಂದ ಪಂಪ್‌ಸೆಟ್ ಆನ್ ಮಾಡುವ ಡಬ್ಬಿ ಮಾಡುತ್ತೇನೆ ಅಂದ. ಅಂಥ ಮೊಬೈಲ್ ಸ್ಟಾರ್ಟರ್ ಎಷ್ಟೋ ವರ್ಷದಿಂದ ಮೋಟರ್ ಅಂಗಡಿಗಳಲ್ಲಿ ಮಾರಾಟಕ್ಕಿದೆ. ಅವನಿಗೆ ಅದನ್ನು ಎಲ್ಲರ ಎದುರಿಗೆ ಹೇಳಲಿಲ್ಲ. ಪಕ್ಕಕ್ಕೆ ಕರೆದು, “ಈಗ ಇರೋದನ್ನ ಬಳಸ್ತಿರೋ ರೈತರಿಗೆ ಫೋನ್ ಮಾಡು. ಅದರಲ್ಲಿ ಏನು ಕೊರತೆ ಅಂತ ಕೇಳು” ಅಂದೆ. ರಾತ್ರಿಯೇ ಫೋನ್ ಮಾಡಿದ. ಡಬ್ಬಿಯೊಳಗೆ ಇರುವೆ, ಹಲ್ಲಿ ಸೇರಿ ಸುಟ್ಟುಹೋಗುತ್ತದೆ ಅನ್ನೋ ದೂರು ಬಂತು. ಅವನ ತಂಡ ಕೊನೆಗೆ ಮಾಡಿದ್ದು ವೈರ್ ಒಳಹೋಗುವ ತೂತಿಗೆಲ್ಲ ಸಂದು ಮುಚ್ಚುವ ಗ್ಲ್ಯಾಂಡ್ ಹಾಕಿ, ಗಾಳಿ ಬರುವ ಕಡೆ ಸಣ್ಣ ಕಣ್ಣಿನ ಜಾಲರಿ ಕೂರಿಸಿದ ಸ್ಟಾರ್ಟರ್ ಡಬ್ಬಿ. ಸಣ್ಣ ವಸ್ತು. ಆದರೆ ಬೇಕಾದ ವಸ್ತು ಅಲ್ವಾ?

ನನ್ನ ಟೇಬಲ್ಲಿಗೆ ಬಂದ ಪ್ರತಿ ತಂಡಕ್ಕೂ ನಾನು ಒಂದು ಹಾಳೆ ಕೊಟ್ಟೆ. ಅದರ ಮೇಲೆ ಒಂದೇ ಸಾಲು: ‘ನಾಳೆ ಸಂಜೆಯೊಳಗೆ ಈ ವಸ್ತು ಯಾವ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು?’ ಮಾದರಿ ಅಂದರೆ ಮಾರುವ ಸಾಮಾನಿನ ಚಿಕ್ಕ ರೂಪ ಅಂತ ಹುಡುಗರು ಅಂದುಕೊಂಡಿರುತ್ತಾರೆ. ಪೆಟ್ಟಿಗೆ, ಬಣ್ಣ, ಲೋಗೋ, ಎಲ್‌ಇಡಿ ಎಲ್ಲ ಬೇಕು ಅನ್ನುತ್ತಾರೆ. ಎರಡು ದಿನದಲ್ಲಿ ಅದೆಲ್ಲ ಮಾಡೋಕೆ ಹೋದರೆ ಯಾವುದೂ ಪೂರ್ತಿ ಆಗುವುದಿಲ್ಲ. ಈ ಐಡಿಯಾ ನಿಲ್ಲೋದು ಯಾವುದರ ಮೇಲೆ? ಯಾವುದು ಸುಳ್ಳಾದರೆ ಇಡೀ ಐಡಿಯಾ ಬೀಳುತ್ತದೆ? ಅದನ್ನು ಹುಡುಕಿ, ಅದಕ್ಕೆ ಮಾತ್ರ ಉತ್ತರ ಕೊಡುವಂಥ ಅತಿ ಅಗ್ಗದ ವಸ್ತು ಮಾಡಿಸುವುದೇ ಮೇಕರ್ ಕೆಲಸ. ನಾನೇ ಕೂತು ಮಾಡಿಕೊಟ್ಟರೆ ಬೇಗ ಆಗುತ್ತದೆ. ಆದರೆ ಆಗ ಅದು ನನ್ನ ವಸ್ತು. ಸೋಮವಾರ ಅದು ಕೆಟ್ಟರೆ ರಿಪೇರಿ ಮಾಡೋಕೆ ತಂಡದಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ.

ಜೀನ್ಸ್ ತಂಡದ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಬಳ್ಳಾರಿ ಜೀನ್ಸ್ ಬಗ್ಗೆ ಎಲ್ಲರಿಗೂ ಗೊತ್ತು. ಹೊಲಿಗೆ ಮುಗಿದ ಮೇಲೆ ಒಂದು ಕೆಲಸ ಉಳಿದಿರುತ್ತದೆ, ದಾರ ಕತ್ತರಿಸುವುದು. ಬೆಲ್ಟ್ ಲೂಪ್, ಕಾಲಿನ ಮಡಿಕೆ, ಜೇಬಿನ ಒಳಗು, ಜಿಪ್ ಪಕ್ಕ, ಎಲ್ಲ ಕಡೆ ದಾರದ ತುದಿ ನೇತಾಡುತ್ತಿರುತ್ತದೆ. ಹೆಂಗಸರು ಪುಟ್ಟ ಟ್ರಿಮ್ಮರ್ ಕತ್ತರಿ ಹಿಡಿದು ಒಂದೊಂದೇ ತುದಿ ಕತ್ತರಿಸುತ್ತಾರೆ. ಪೀಸಿನ ಲೆಕ್ಕದಲ್ಲಿ ಕೂಲಿ. ಸಂಜೆ ಹೊತ್ತಿಗೆ ಹೆಬ್ಬೆರಳಿನ ಬುಡ ನೋವು. ತಂಡದ ಒಬ್ಬ ಹುಡುಗಿಯ ತಾಯಿಯೇ ಈ ಕೆಲಸ ಮಾಡುತ್ತಿದ್ದರು. ಅವಳ ಐಡಿಯಾ ಹೀಗಿತ್ತು: ವ್ಯಾಕ್ಯೂಮ್ ಕ್ಲೀನರ್ ಪೈಪಿನ ತುದಿಗೆ ಕೂದಲು ಕತ್ತರಿಸುವ ಮಷೀನಿನ ಬ್ಲೇಡ್ ಕೂರಿಸಿ, ಕೈಯಲ್ಲಿ ಹಿಡಿಯುವ ಗನ್ ಮಾಡೋದು. ಗಾಳಿ ದಾರವನ್ನು ಎಳೆಯುತ್ತದೆ, ಬ್ಲೇಡ್ ಕತ್ತರಿಸುತ್ತದೆ. ದಾರ ಎಳೆದು ಕತ್ತರಿಸುವ ಮಷೀನ್ ದೊಡ್ಡ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಈಗಾಗಲೇ ಇದೆ. ಮನೆಯಲ್ಲಿ, ಸಣ್ಣ ಯೂನಿಟ್ಟಿನಲ್ಲಿ ಕೂತು ಮಾಡುವವರ ಕೈಗೆ ಅದು ಬಂದಿಲ್ಲ.

ಅವರ ಹಾಳೆಯ ಮೇಲೆ ಬರೆದ ಪ್ರಶ್ನೆ: ಗಾಳಿಗೆ ದಾರ ಮಾತ್ರ ಒಳಗೆ ಬರುತ್ತಾ, ಬಟ್ಟೆಯೂ ಬರುತ್ತಾ? ಇದಕ್ಕೆ ಬ್ಲೇಡೇ ಬೇಕಾಗಿಲ್ಲ. ಒಂದು ಮನೆಯಿಂದ ವ್ಯಾಕ್ಯೂಮ್ ಕ್ಲೀನರ್ ತಂದರು. 3 ಮಿಲಿಮೀಟರ್ ಅಕ್ರಿಲಿಕ್ ಹಾಳೆಯಲ್ಲಿ ಬೇರೆ ಬೇರೆ ಅಗಲದ ಸೀಳು ಲೇಸರಿನಲ್ಲಿ ಕತ್ತರಿಸಿಕೊಟ್ಟೆವು. 1, 1.5, 2, 3 ಮಿಲಿಮೀಟರ್. ಲೇಸರಿಗೆ ಇದು ನಿಮಿಷಗಳ ಕೆಲಸ. ಇದನ್ನೇ ತ್ರೀಡಿ ಪ್ರಿಂಟ್ ಮಾಡಿಸಿದ್ದರೆ ಮಧ್ಯಾಹ್ನ ಕಳೆದುಹೋಗುತ್ತಿತ್ತು. ಸೀಳನ್ನು ಪೈಪಿಗೆ ಟೇಪಿನಿಂದ ಸುತ್ತಿ ಪ್ಯಾಂಟಿನ ಮೇಲೆ ಆಡಿಸಿದರು. 1 ಮಿಲಿಮೀಟರಿನಲ್ಲಿ ಒಂಟಿ ದಾರ ಬಂತು, ಗಂಟು ಬಿದ್ದ ದಪ್ಪ ದಾರ ಬರಲಿಲ್ಲ. 3 ಮಿಲಿಮೀಟರಿನಲ್ಲಿ ಡೆನಿಮ್ ಬಟ್ಟೆ ಗಟ್ಟಿಯಾಗಿ ನಿಂತಿತು, ಆದರೆ ಜೇಬಿನ ತೆಳು ಬಟ್ಟೆ ಸೊರ್ ಅಂತ ಒಳಗೆ ಹೋಯಿತು. ಅಲ್ಲಿಗೆ ಅಪಾಯ ಎಲ್ಲಿದೆ ಅಂತ ಗೊತ್ತಾಯಿತು. ಹರಿಯೋದು ಡೆನಿಮ್ ಅಲ್ಲ, ಜೇಬು. 2 ಮಿಲಿಮೀಟರ್ ಸೀಳು ಇಟ್ಟು, ಅಡ್ಡಕ್ಕೆ ಬಾಚಣಿಗೆ ಹಲ್ಲಿನಂತೆ ತಂತಿ ಕೂರಿಸಿ, ಅಂಚನ್ನು ಅರದಿಂದ ಇಳಿಜಾರು ಮಾಡಿದರು. ದಾರ ಜಾರಿಕೊಂಡು ಬಂತು. ಜೇಬಿನ ಬಟ್ಟೆ ಹೊರಗೇ ನಿಂತಿತು.

ಶನಿವಾರ ಸಂಜೆ ಆ ಹುಡುಗಿಯ ತಾಯಿ ಕೆಲಸ ಮುಗಿಸಿ ಬಂದರು. ಕೈಯಲ್ಲಿ ಒಂದು ಕಟ್ಟು ಪ್ಯಾಂಟು. ತಂಡದವರು ಗನ್ನನ್ನು ಅವರ ಕೈಗೆ ಕೊಟ್ಟರು. ಅವರು ಅದನ್ನು ಹಿಡಿದು, ತಿರುಗಿಸಿ ನೋಡಿ, ಕೆಳಗಿಟ್ಟರು. “ಪ್ಯಾಂಟ್ ಎರಡೂ ಕೈಯಾಗೆ ಹಿಡ್ಕೊಂಡು ತಿರುಗಿಸ್ತೀವಿ. ಇದ್ನ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರ್ಲವ್ವಾ?” ಅಂದರು.

ನಾವೆಲ್ಲ ದಾರ ನೋಡುತ್ತಿದ್ದೆವು. ಅವರು ಕೈ ನೋಡಿದರು. ಗನ್ ಅನ್ನೋ ಯೋಚನೆ ಅಲ್ಲಿಗೆ ಮುಗಿಯಿತು. ಸೀಳನ್ನು ಮೇಲ್ಮುಖ ಮಾಡಿ ಹಲಗೆಯ ಮಟ್ಟಕ್ಕೆ ಕೂರಿಸೋಣ, ಗಾಳಿ ಕೆಳಗಿನಿಂದ ಎಳೆಯಲಿ, ಪ್ಯಾಂಟನ್ನು ಅದರ ಮೇಲೆ ಆಡಿಸಿದರೆ ಸಾಕು ಅಂತಾಯಿತು. ಪ್ಲೈವುಡ್ ಟೇಬಲ್ ಮಾಡಿದರು. ಆಗ ಇನ್ನೊಂದು ಮಾತು ಬಂತು. “ನಾವು ನೆಲದ ಮ್ಯಾಲೆ ಕೂತ್ಕೊಂಡು ಮಾಡ್ತೀವಿ.” ಟೇಬಲ್ಲಿನ ಕಾಲು ಕತ್ತರಿಸಿದರು. ಮಡಿಸಿ ಕೂತ ಮೊಣಕಾಲಿಗೆ ತಾಗದಂತೆ ಎಷ್ಟು ಎತ್ತರ ಬೇಕು ಅನ್ನೋದನ್ನು ಅವರನ್ನು ಕೂರಿಸಿಯೇ ಅಳೆದರು. ಕಿನ್ನಾಳದವರು ಪಕ್ಕದಲ್ಲೇ ಇದ್ದರು. ಟೇಬಲ್ಲಿನ ಮುಂದಿನ ಅಂಚು ತೊಡೆಗೆ ಒತ್ತುತ್ತಿರುವುದನ್ನು ಕಂಡು, ಹಗುರ ಮರದ ಪಟ್ಟಿಯೊಂದನ್ನು ಉಳಿಯಲ್ಲಿ ಕೆತ್ತಿ, ದುಂಡಗೆ ಮಾಡಿ ಕೂರಿಸಿದರು. ಪ್ರಿಂಟರಿಗೆ ಡ್ರಾಯಿಂಗ್ ಮಾಡುವಷ್ಟರಲ್ಲಿ ಅವರ ಕೆತ್ತನೆಯೇ ಮುಗಿದಿತ್ತು. ಕಿನ್ನಾಳದ ಗೊಂಬೆ ಕೆಲಸದಲ್ಲಿ ಗೋಣಿನಾರು, ಮರದ ಪುಡಿ, ಹುಣಸೆ ಬೀಜದ ಅಂಟು ಸೇರಿಸಿ ಮಾಡುವ ಕಿಟ್ಟ ಅನ್ನೋ ಲೇಪ ಇದೆಯಲ್ಲ, ಅದರ ಬಗ್ಗೆ ಅವರು ಹೇಳುತ್ತಿದ್ದರೆ ಹುಡುಗರು ಸುತ್ತ ಕೂತು ಕೇಳಿದರು. ಮರದ ಸಂದು ಮುಚ್ಚಿ ನುಣುಪು ಮಾಡೋಕೆ ನಾವು ಅಂಗಡಿಯ ಪುಟ್ಟಿಯನ್ನೇ ನೆನೆಯುತ್ತೇವೆ. ಕೊಪ್ಪಳದಲ್ಲಿ ಸ್ಪರ್ಧೆ ಮಾಡುವವರು ಕಿನ್ನಾಳವನ್ನು ಮರೆಯಬಾರದು.

ವ್ಯಾಕ್ಯೂಮ್ ಮೋಟರಿನ ಸದ್ದು ಇನ್ನೊಂದು ತೊಂದರೆ. ಈ ಕೆಲಸ ಮಾಡುವ ಹೆಂಗಸರು ಗುಂಪಾಗಿ ಕೂತು ಮಾತಾಡುತ್ತಾ ಮಾಡುತ್ತಾರೆ. ಆ ಸದ್ದಿನಲ್ಲಿ ಮಾತು ಕೇಳೋದಿಲ್ಲ. ಟೈಲರ್ ಅಣ್ಣ ಉಪಾಯ ಹೇಳಿದರು. ಕಟಿಂಗ್ ವೇಸ್ಟ್ ಡೆನಿಮ್ ಚೂರುಗಳನ್ನು ಪದರ ಪದರವಾಗಿ ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿ, ಮೋಟರನ್ನು ಅದರೊಳಗಿಟ್ಟೆವು. ಮೋಟರಿಗೆ ಗಾಳಿ ಹೋಗಿ ಬರುವ ದಾರಿ ಮಾತ್ರ ಬಿಟ್ಟೆವು. ಇಲ್ಲದಿದ್ದರೆ ಕಾದು ಸುಟ್ಟೀತು. ಸದ್ದು ಸಾಕಷ್ಟು ತಗ್ಗಿತು. ಹೊಲಿಗೆ ಮಷೀನಿನ ಪೆಡಲ್ ಹಾಕಿದ್ದರಿಂದ ಕಾಲಿಟ್ಟಾಗ ಮಾತ್ರ ಗಾಳಿ ಎಳೆಯುತ್ತಿತ್ತು, ಕರೆಂಟೂ ಉಳಿಯಿತು.

ಮೆಣಸಿನಕಾಯಿ ತಂಡದವರು ಸಿರುಗುಪ್ಪ ಕಡೆಯ ಹುಡುಗರು. ಈ ಭಾಗದ ಬ್ಯಾಡಗಿ ತಳಿಯ ಕಾಯಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿ ಬೆಲೆ ನಿಲ್ಲೋದು ಬಣ್ಣದ ಮೇಲೆ. ನೆಲದ ಮೇಲೆ ಹರಡಿ ಒಣಗಿಸುವಾಗ ಮಂಜು, ಧೂಳು, ಅಕಾಲದ ಮಳೆ ಬಿದ್ದರೆ ಬಣ್ಣ ಹೋಗುತ್ತದೆ. ಬಿಸಿಲಿನ ಡ್ರೈಯರ್ ಮಾಡಬೇಕು, ಅದಕ್ಕೆ ಸೆನ್ಸರು, ಮೊಬೈಲಿಗೆ ಮೆಸೇಜು ಅಂತ ದೊಡ್ಡ ಪಟ್ಟಿ ತಂದಿದ್ದರು. ನಾನು ಸೆನ್ಸರ್ ಕೊಡಲಿಲ್ಲ. ಅಡುಗೆಮನೆ ತೂಕದ ಯಂತ್ರ ಮತ್ತು ಒಂದು ಥರ್ಮಾಮೀಟರ್ ಕೊಟ್ಟೆ. ಪ್ಲೈವುಡ್ ಪೆಟ್ಟಿಗೆ, ತಳಕ್ಕೆ ಕಪ್ಪು ಬಣ್ಣ ಬಳಿದ ತಗಡು, ಮೇಲೆ ಗಾಜು, ಹಿಂದೆ ಗಾಳಿ ಮೇಲೇರಲು ಚಿಮಣಿ. ಒಂದು ಕಿಲೋ ಹಸಿ ಕಾಯಿ ಪೆಟ್ಟಿಗೆಯೊಳಗೆ, ಒಂದು ಕಿಲೋ ಹೊರಗೆ ತಾಡಪಾಲಿನ ಮೇಲೆ. ಗಂಟೆಗೊಮ್ಮೆ ಎರಡನ್ನೂ ತೂಗಿ ಬರೆಯಿರಿ ಅಂದೆ. ಕಡಿಮೆಯಾದ ತೂಕವೇ ಆರಿದ ನೀರು. ಇದಕ್ಕಿಂತ ನೇರವಾದ ಅಳತೆ ಬೇರೆ ಇಲ್ಲ. ಪೆಟ್ಟಿಗೆಯದು ಬೇಗ ಹಗುರಾಯಿತು. ಆದರೆ ಗಾಜಿನ ಹತ್ತಿರದ ಕಾಯಿ ಕಂದು ತಿರುಗತೊಡಗಿತು. ಒಳಗೆ 60 ಡಿಗ್ರಿ ದಾಟಿತ್ತು. ಗಾಳಿಯ ಕಿಂಡಿ ದೊಡ್ಡದು ಮಾಡಿದ ಮೇಲೆ ಹತೋಟಿಗೆ ಬಂತು. ಮೂಲೆಗೆ ಬೇಕಾದ ಕ್ಲ್ಯಾಂಪುಗಳನ್ನು ತ್ರೀಡಿ ಪ್ರಿಂಟ್ ಮಾಡಿಕೊಡಿ ಅಂತ ಅವರು ಕೇಳಿದ್ದರು. ನನ್ನ ಬಳಿ ಇದ್ದದ್ದು ಪಿಎಲ್‌ಎ ಅನ್ನೋ ಪ್ರಿಂಟರ್ ಪ್ಲಾಸ್ಟಿಕ್. ಅದು 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. ತಗಡಿನ ಮೇಸ್ತ್ರಿ ಕತ್ತರಿ ಹಿಡಿದು ಬಗ್ಗಿಸಿಕೊಟ್ಟರು. ನಮ್ಮ ಕಡೆಯ ಬಿಸಿಲಿಗೆ ಇಡುವ ಯಾವ ಸಾಮಾನಿಗೂ ಪಿಎಲ್‌ಎ ನೆಚ್ಚಿಕೊಳ್ಳಬೇಡಿ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಇಟ್ಟರೂ ಸೊಟ್ಟಗಾಗುತ್ತದೆ.

ಭತ್ತದ ತಂಡ ಸಿಂಧನೂರಿನದು. ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವ 17 ಶೇಕಡಾ ಮೀರಬಾರದು. ಖರೀದಿ ಕೇಂದ್ರಕ್ಕೆ ಗಾಡಿ ಹೊಡೆದುಕೊಂಡು ಹೋದ ಮೇಲೆ ‘ಹಸಿ ಇದೆ’ ಅಂತ ವಾಪಸ್ ಕಳಿಸಿದರೆ ಬಾಡಿಗೆ ದಂಡ. ಹೊರಡುವ ಮೊದಲೇ ಮನೆಯಲ್ಲಿ ನೋಡಿಕೊಳ್ಳುವ ಅಗ್ಗದ ಮೀಟರ್ ಅವರ ಗುರಿ. ಒಂದರೊಳಗೊಂದು ಎರಡು ಸ್ಟೀಲ್ ಡಬ್ಬಿ ಇಟ್ಟು ನಡುವೆ ಭತ್ತ ತುಂಬಿದರೆ, ತೇವ ಹೆಚ್ಚಿದಂತೆ ಅವುಗಳ ಕೆಪ್ಯಾಸಿಟೆನ್ಸ್, ಅಂದರೆ ವಿದ್ಯುತ್ ಹಿಡಿದಿಡುವ ಶಕ್ತಿ, ಹೆಚ್ಚುತ್ತದೆ. ಇಎಸ್‌ಪಿ32 ಬೋರ್ಡಿನಲ್ಲಿ ಬೆರಳು ತಾಗಿದ್ದನ್ನು ಗುರುತಿಸೋಕೆ ಇರುವ ಟಚ್ ಪಿನ್ ಅದನ್ನು ಒಂದು ಸಂಖ್ಯೆಯಾಗಿ ತೋರಿಸುತ್ತದೆ. ಹಸಿ ಭತ್ತ, ಒಣ ಭತ್ತಕ್ಕೆ ಸಂಖ್ಯೆ ಬೇರೆ ಬೇರೆ ಬಂದಾಗ ಹುಡುಗರು ಕುಣಿದಾಡಿದರು. ಅದೇ ಭತ್ತವನ್ನು ಸುರಿದು ಮತ್ತೆ ತುಂಬಿ ಅಂದೆ. ಸಂಖ್ಯೆ ಬದಲಾಯಿತು. ಡಬ್ಬಿ ತಟ್ಟಿ ಅಂದೆ. ಇನ್ನೂ ಬದಲಾಯಿತು. ಭತ್ತ ಎಷ್ಟು ಒತ್ತಾಗಿ ಕೂತಿದೆ ಅನ್ನೋದೂ ಆ ಸಂಖ್ಯೆಯೊಳಗೆ ಸೇರಿಕೊಂಡಿರುತ್ತದೆ. ಅದಕ್ಕೇ ಅವರು ಲಾಳಿಕೆಯೊಂದನ್ನು ಒಂದೇ ಎತ್ತರಕ್ಕೆ ಕಟ್ಟಿ, ಕೆಳಗೆ ಎಳೆಯುವ ಮುಚ್ಚಳ ಇಟ್ಟರು. ಪ್ರತಿ ಸಲ ಅಷ್ಟೇ ಭತ್ತ, ಅಷ್ಟೇ ಎತ್ತರದಿಂದ, ಒಂದೇ ಸಲಕ್ಕೆ ಬೀಳಬೇಕು. ಸಂಖ್ಯೆ ನಿಲ್ಲೋಕೆ ಶುರುವಾಯಿತು. ಕೋಡಿನಿಂದ ಆಗದ ಕೆಲಸವನ್ನು ಒಂದು ಲಾಳಿಕೆ ಮಾಡಿತು. ರೈಸ್ ಮಿಲ್ಲಿನವರೊಬ್ಬರು ತಮ್ಮ ಮೀಟರ್ ತಂದು ಅವೇ ಸ್ಯಾಂಪಲ್ ಅಳೆದುಕೊಟ್ಟರು. ಎರಡನ್ನೂ ಪಕ್ಕಪಕ್ಕ ಬರೆದ ಹಾಳೆಯೇ ಅವರ ಪಿಚ್‌ನ ಜೀವಾಳ ಆಯಿತು.

ಉಳಿದ ತಂಡಗಳೂ ಚೆನ್ನಾಗಿ ಮಾಡಿದವು. ಸೈಕಲ್ ಚೈನಿನಿಂದ ಓಡುವ ಸ್ಪ್ರೇಯರ್, ಎಮ್ಮೆ ಕುಡಿಯುವ ತೊಟ್ಟಿಗೆ ತಾನೇ ನೀರು ಬಿಡುವ ವಾಲ್ವ್ ಎಲ್ಲ ಇದ್ದವು. ಅವುಗಳ ಪಕ್ಕ ಬೇರೆ ಮೇಕರ್‌ಗಳು ನಿಂತಿದ್ದರು.

ಸುರಕ್ಷತೆಯ ಮಾತನ್ನು ಸುಮ್ನೆ ಶಾಸ್ತ್ರಕ್ಕೆ ಹೇಳಿ ಬಿಡಬಾರದು. ನಮ್ಮ ಕೋಣೆಯಲ್ಲಿ ನಿಯಮ ಗಟ್ಟಿ ಇತ್ತು. ತಂಡದವರು 12 ವೋಲ್ಟ್ ಒಳಗೆ ಏನು ಬೇಕಾದರೂ ಜೋಡಿಸಬಹುದು, 230 ವೋಲ್ಟಿನ ಕೆಲಸ ಮೇಕರ್ ಕೈಯಲ್ಲೇ. ಡ್ರಿಲ್, ಗ್ರೈಂಡರ್ ಹತ್ತಿರ ಹೋಗುವಾಗ ದುಪಟ್ಟಾ ಕಟ್ಟಿಕೊಳ್ಳಬೇಕು, ತೋಳು ಮಡಿಸಬೇಕು, ಕನ್ನಡಕ ಹಾಕಲೇಬೇಕು. ಲಿಥಿಯಂ ಸೆಲ್ಲನ್ನು ಚಾರ್ಜಿಗೆ ಹಾಕಿ ಮಲಗೋಕೆ ಹೋಗುವಂತಿಲ್ಲ. ಇನ್ನೊಂದು ವಿಷಯ ನಮ್ಮೂರಿನವರಿಗೆ ತೀರಾ ಮುಖ್ಯ. ಪ್ಯಾಂಟಿನ ಹಿಂದೆ ಹಾಕುವ ಪ್ಯಾಚನ್ನು ರೆಕ್ಸಿನ್‌ನಲ್ಲಿ ಲೇಸರ್ ಕಟ್ ಮಾಡಿಕೊಡಿ ಅಂತ ಒಂದು ತಂಡ ಬಂತು. ಸಾಮಾನ್ಯ ರೆಕ್ಸಿನ್ ಮೇಲಿರೋದು ಪಿವಿಸಿ. ಲೇಸರ್ ಬಿದ್ದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಎದೆಗೂ ಕೆಟ್ಟದ್ದು, ಮಷೀನಿಗೂ ತುಕ್ಕು. ನಿಜವಾದ ಚರ್ಮ ಇಲ್ಲವೇ ದಪ್ಪ ಹತ್ತಿ ಬಟ್ಟೆ ತನ್ನಿ ಅಂದೆ. ಡೆನಿಮ್ ತುಂಡೇ ತಂದರು. ಅದರ ಮೇಲೆ ಲೇಸರ್ ಹಗುರವಾಗಿ ಆಡಿಸಿದರೆ ನೀಲಿ ಕಳೆದು ಬಿಳಿ ಗೆರೆಯಲ್ಲಿ ಚಿತ್ರ ಮೂಡುತ್ತದೆ. ಪ್ಯಾಚ್ ನೋಡೋಕೂ ಚಂದ ಬಂತು.

ಕರೆಂಟಿನ ವ್ಯವಸ್ಥೆ ಮೊದಲೇ ನೋಡಿಕೊಳ್ಳಿ. ಕಾಲೇಜು ಹಾಲಿನ ಪ್ಲಗ್ಗುಗಳು ಬಹುತೇಕ ಲ್ಯಾಪ್‌ಟಾಪ್, ಫ್ಯಾನಿಗೆ ಅಂತ ಹಾಕಿದ 6 ಆ್ಯಂಪಿನವು. ವ್ಯಾಕ್ಯೂಮ್, ಗ್ರೈಂಡರ್, ಹೀಟ್ ಗನ್ ಎಲ್ಲ ಒಂದೇ ಲೈನಿಗೆ ಬಿದ್ದರೆ ಟ್ರಿಪ್ ಆಗುತ್ತದೆ. ನಮಗೆ ಲ್ಯಾಬಿನ ಪವರ್ ಲೈನ್ ಕೊಟ್ಟಿದ್ದರು. ತ್ರೀಡಿ ಪ್ರಿಂಟರಿಗೆ ಬೇರೆ ಯುಪಿಎಸ್ ಇಟ್ಟಿದ್ದೆ. ಶನಿವಾರ ರಾತ್ರಿ ಕರೆಂಟ್ ಹೋದಾಗ ಅದು ನಿಲ್ಲದೆ ಓಡಿತು. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಕತ್ತಲಲ್ಲಿ ಕೂತಿದ್ದ ಹುಡುಗರು ಆ ಹೊತ್ತಿನಲ್ಲಿ ಮಾತಾಡಿಕೊಂಡಿದ್ದು ತಮ್ಮ ಗಿರಾಕಿ ಯಾರು ಅನ್ನೋದರ ಬಗ್ಗೆ. ಅದೂ ಆಗಬೇಕಾದ ಕೆಲಸವೇ.

ಭಾನುವಾರ ಬೆಳಿಗ್ಗೆ ಹೊಸ ಭಾಗ ಸೇರಿಸಬೇಡಿ ಅಂದೆ. ಇರೋದನ್ನೇ ಗಟ್ಟಿ ಮಾಡಿ, ಸಡಿಲ ವೈರಿಗೆ ಹಾಟ್ ಗ್ಲೂ ಹಾಕಿ, ಕೆಲಸ ಮಾಡುತ್ತಿರುವಾಗಲೇ ವಿಡಿಯೋ ಮಾಡಿಟ್ಟುಕೊಳ್ಳಿ. ಸ್ಟೇಜ್ ಮೇಲೆ ಮಷೀನ್ ಹಟ ಮಾಡಿದರೆ ವಿಡಿಯೋ ಇರುತ್ತದೆ. ಅದಾದ ಮೇಲೆ ದುಡ್ಡಿನ ಲೆಕ್ಕ. ಒಂದು ಮಾಡೋಕೆ ಎಷ್ಟು, ನೂರು ಮಾಡೋಕೆ ಎಷ್ಟು? ಪ್ಲಾಸ್ಟಿಕ್ ಮೋಲ್ಡ್ ಮಾಡಿಸೋಕೆ ಹೋದರೆ ಲಕ್ಷಗಳ ಮಾತು. ಮೊದಲ ನೂರು ವಸ್ತುವಿಗೆ ತಗಡು ಬಗ್ಗಿಸಿ, ಪ್ಲೈವುಡ್ ಕತ್ತರಿಸಿ ಮಾಡುವ ದಾರಿಯೇ ಸರಿ. ಅದನ್ನು ನಮ್ಮೂರಿನ ಶೆಡ್ಡುಗಳಲ್ಲೇ ಮಾಡಬಹುದು.

ಪಿಚ್‌ಗೆ ಮುಂಚೆ ಹೇಳಲೇಬೇಕಾದ ಇನ್ನೊಂದು ಮಾತು ಪೇಟೆಂಟ್. ನಮ್ಮ 1970ರ ಪೇಟೆಂಟ್ ಕಾಯ್ದೆ ಪ್ರಕಾರ, ಅರ್ಜಿ ಹಾಕುವ ಮೊದಲೇ ಸಾರ್ವಜನಿಕರ ಎದುರು ಒಳಗುಟ್ಟು ಬಿಚ್ಚಿಟ್ಟರೆ ಅದು ಹೊಸದು ಅನ್ನೋ ಹಕ್ಕು ಹೋಗಬಹುದು. ಸರ್ಕಾರ ಗೆಜೆಟಿನಲ್ಲಿ ಹೆಸರಿಸಿದ ಪ್ರದರ್ಶನಗಳಿಗೆ ವಿನಾಯಿತಿ ಇದೆ, ನಮ್ಮಂಥ ಕಾಲೇಜು ಸ್ಪರ್ಧೆಗೆ ಇಲ್ಲ. ವ್ಯಕ್ತಿಗಳು, ಸ್ಟಾರ್ಟಪ್‌ಗಳು 1,600 ರೂಪಾಯಿ ಕಟ್ಟಿ ಆನ್‌ಲೈನಲ್ಲಿ ತಾತ್ಕಾಲಿಕ ವಿವರಣೆಯ ಅರ್ಜಿ ಹಾಕಬಹುದು. ಆಮೇಲೆ ಪೂರ್ತಿ ವಿವರ ಕೊಡೋಕೆ 12 ತಿಂಗಳು ಸಿಗುತ್ತದೆ. ಹಾಗಾಗಿ, ವಸ್ತು ಏನು ಮಾಡುತ್ತದೆ ಅಂತ ಜೋರಾಗಿ ಹೇಳಿ, ಹೊಸದಾಗಿ ಕಂಡುಕೊಂಡ ಒಳಭಾಗವನ್ನು ಸ್ಲೈಡಿನಲ್ಲಿ ಹಾಕಬೇಡಿ ಅಂದೆ. ಭತ್ತದ ತಂಡದವರು ಲಾಳಿಕೆಯ ಮೇಲೆ ಬಟ್ಟೆ ಸುತ್ತಿಯೇ ಸ್ಟೇಜ್ ಹತ್ತಿದರು.

ತೀರ್ಪುಗಾರರು ಜೀನ್ಸ್ ತಂಡಕ್ಕೆ ಕೇಳಿದ ಪ್ರಶ್ನೆ, ಇದನ್ನು ಕೊಳ್ಳೋರು ಯಾರು? ಈ ಪ್ರಶ್ನೆ ಹಿಂದಿನ ಸಂಜೆಯೇ ಬೇರೆ ರೂಪದಲ್ಲಿ ಬಂದಿತ್ತು. “ಮಷೀನ್ ಬಂದ್ರೆ ಮಾಲೀಕರು ಪೀಸಿಗೆ ರೇಟ್ ಇಳಿಸಲ್ವಾ?” ಅಂತ ಆ ತಾಯಿ ಕೇಳಿದ್ದರು. ಎಷ್ಟು ನಿಜವಾದ ಪ್ರಶ್ನೆ! ಮಷೀನ್ ಮಾಲೀಕರದಾದರೆ ಉಳಿದ ಸಮಯದ ಲಾಭ ಮಾಲೀಕರಿಗೇ ಹೋಗುತ್ತದೆ. ತಂಡ ರಾತ್ರಿಯೆಲ್ಲ ಅದನ್ನೇ ಚರ್ಚಿಸಿತ್ತು. ಮಷೀನನ್ನು ಹೆಂಗಸರ ಸ್ವಸಹಾಯ ಸಂಘಗಳಿಗೆ ಕೊಡುವುದು, ಸಂಘವೇ ಯೂನಿಟ್‌ಗಳಿಂದ ಫಿನಿಶಿಂಗ್ ಕೆಲಸವನ್ನು ಜಾಬ್ ವರ್ಕ್ ಆಗಿ ಹಿಡಿಯುವುದು ಅಂತ ಅವರು ಉತ್ತರ ಕೊಟ್ಟರು. ಆ ಹುಡುಗಿ ಮಾತಾಡುವಾಗ ತಾಯಿ ಸ್ಟೇಜಿನ ಮೇಲೆ ನೆಲಕ್ಕೆ ಕೂತು ಪ್ಯಾಂಟುಗಳ ದಾರ ತೆಗೆಯುತ್ತಿದ್ದರು. ಹಾಲಿನಲ್ಲಿ ಎಲ್ಲರ ಕಣ್ಣೂ ಅವರ ಕೈ ಮೇಲೇ ಇತ್ತು. ಮೊದಲ ಬಹುಮಾನ ಭತ್ತದ ಮೀಟರಿಗೆ ಹೋಯಿತು, ಜೀನ್ಸ್ ಟೇಬಲ್ಲಿಗೆ ಎರಡನೆಯದು. ನಾನಾಗಿದ್ದರೆ ಟೇಬಲ್ಲಿಗೇ ಮೊದಲನೆಯದು ಕೊಡುತ್ತಿದ್ದೆ. ಅದನ್ನು ಬಳಸುವವರೇ ಕೂತು ತಿದ್ದಿದ ವಸ್ತು ಅದೊಂದೇ.

ಸ್ಪರ್ಧೆ ಮುಗಿದ ಮೇಲೆ ತಂಡಗಳು ಚದುರುವುದು ಸಹಜ. ಪರೀಕ್ಷೆ, ಕೆಲಸ, ಊರು ಅಂತ ಹೋಗುತ್ತಾರೆ. ಮುಂದುವರಿಸುವವರಿಗೆ ಜಾಗ ಬೇಕು. ನನ್ನ ವರ್ಕ್‌ಶಾಪ್ ಸಂಜೆ ಹೊತ್ತು ಅವರಿಗೆ ತೆರೆದಿರುತ್ತದೆ ಅಂತ ಅಲ್ಲೇ ಹೇಳಿದ್ದೆ. ಮೆಣಸಿನಕಾಯಿ ತಂಡ ಮುಂದಿನ ಸುಗ್ಗಿಗೆ ಬರುತ್ತೇವೆ ಅಂದಿದೆ. ಭತ್ತದವರು ಈಗ ಚಳಿಗಾಲದ ಬೆಳಗು, ಬೇಸಿಗೆಯ ಮಧ್ಯಾಹ್ನ ಎರಡರಲ್ಲೂ ಒಂದೇ ಉತ್ತರ ಬರುವಂತೆ ಮಾಡೋಕೆ ಉಷ್ಣತೆಯ ತಿದ್ದುಪಡಿಯ ಹಿಂದೆ ಬಿದ್ದಿದ್ದಾರೆ. ದಾರದ ಟೇಬಲ್ ಕೌಲ್ ಬಜಾರ್ ಕಡೆಯ ಒಂದು ಮನೆಯಲ್ಲಿ ದಿನವೂ ಓಡುತ್ತಿದೆ. ಡೆನಿಮ್ಮಿನ ನೀಲಿ ನಾರು ಫಿಲ್ಟರ್ ಚೀಲಕ್ಕೆ ಬೇಗ ಮೆತ್ತಿಕೊಂಡು ಗಾಳಿಯ ಎಳೆತ ಕಡಿಮೆಯಾಗುತ್ತದೆ ಅಂತ ದೂರು ಬಂದಿದೆ. ಚೀಲಕ್ಕೆ ಮುಂಚೆಯೇ ನಾರನ್ನು ಸುಳಿಯಲ್ಲಿ ತಿರುಗಿಸಿ ಕೆಳಗೆ ಬೀಳಿಸುವ ಸೈಕ್ಲೋನ್ ಡಬ್ಬಿಯೊಂದನ್ನು ಆ ಹುಡುಗಿ ಪಿವಿಸಿ ಪೈಪು, ಬಣ್ಣದ ಬಕೆಟ್ ಸೇರಿಸಿ ಮಾಡುತ್ತಿದ್ದಾಳೆ. ಬಿಚ್ಚಿ ಕ್ಲೀನ್ ಮಾಡೋದು ಹೆಂಗೆ ಅಂತ ಉಸ್ತಾದ್ ಆಗಲೇ ಕೇಳಿದ್ದಾರೆ.